ಒಡೆದ ಗೋಡೆ ಎಲ್ಲಿಗೆ ಹೋಯಿತು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಮನೆ ಒಡೆದು ನೋಡು ಎನ್ನುವ ಪ್ರಸಂಗ ಅವರಿಗೆ ಬಂದಂತಿಲ್ಲ. ಅಂದಿನ ಮಣ್ಣಿನ ಮನೆ ಬಿದ್ದರೆ ಗೋಡೆಯ ಮಣ್ಣು ಹೊಲಕ್ಕೆ, ತೊಲೆ ಕೊಟ್ಟಿಗೆಗೆ, ಕಲ್ಲು ಮುಂದಿನ ಮನೆಯ ತಳಪಾಯಕ್ಕೆ ಸಲ್ಲುತ್ತಿದ್ದವು. ಇಂದಿನ ಸಿಮೆಂಟಿನ ಮನೆಯನ್ನು ಒಡೆದರೆ ಉಳಿಯುವುದೇ ಹೆಚ್ಚು. ಈ ತಿಂಗಳು ನಾವು ವಾಚಕರ ಮುಂದಿಡುವ ವಿಚಾರ ಆ ಉಳಿಕೆಯನ್ನು ಕುರಿತದ್ದು.

ಹೊಗೆನಕಲ್ ಸುತ್ತಿನ ನಮ್ಮ ಕನ್ನಡ ಮನೆಗಳಲ್ಲಿ ಅನೇಕಕ್ಕೆ ಬೆಂಗಳೂರಿನ ನಂಟುಂಟು. ನಮ್ಮ ಅಣ್ಣನವರು ಕಟ್ಟಿಸಿದ ಮನೆಯೊಂದು ಅಲ್ಲಿದೆ. ಈಗ ಅವರ ಮಗನ ಸಂಸಾರ ಅದರಲ್ಲಿದೆ. ಕಳೆದ ಬೇಸಿಗೆಯಲ್ಲಿ ಅಡುಗೆಮನೆಯನ್ನು ಹಿಗ್ಗಿಸುವುದೆಂದು ನಿಶ್ಚಯಿಸಿ, ಮೇಲ್ವಿಚಾರಣೆಗೆಂದು ನಮ್ಮನ್ನು ಕರೆಸಿಕೊಂಡರು. ಒಂದು ಗೋಡೆಯನ್ನೂ ಕೆಂಪು ಗಾರೆಯ ನೆಲವನ್ನೂ ಕೀಳಬೇಕಾಯಿತು. ಆ ನೆಲದ ಮೂಲೆಯಲ್ಲಿ ಒರಳುಕಲ್ಲು ಕೂರಿಸಿದ್ದ ಗುಂಡನೆಯ ತಗ್ಗೊಂದಿತ್ತು. ಅತ್ತಿಗೆಯವರು ಎಷ್ಟೋ ವರ್ಷ ಅಲ್ಲಿಯೇ ಕುಳಿತು ದೋಸೆಗೆ ರುಬ್ಬಿದವರು. ಒರಳನ್ನು ಎತ್ತಿ ಬದಿಗಿರಿಸಿ, ನೆಲವನ್ನು ಒಡೆಸಿದೆವು.

ಒಂದು ಗೋಡೆಯಲ್ಲವೇ, ಎಷ್ಟಾದೀತು ಎಂಬುದು ನಮ್ಮ ಎಣಿಕೆಯಾಗಿತ್ತು. ವಾಚಕರೇ ಲೆಕ್ಕ ಹಾಕಲಿ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರ, 9 ಅಂಗುಲ ದಪ್ಪದ ಇಟ್ಟಿಗೆ ಗೋಡೆಯೆಂದರೆ 75 ಘನ ಅಡಿ. ಅದರ ತೂಕ ಸುಮಾರು 4 ಟನ್. ಒಡೆದ ಮೇಲೆ ಅದೇ ಗೋಡೆ ಸಡಿಲಗೊಂಡು ಹೆಚ್ಚುಕಡಿಮೆ ಒಂದೂವರೆ ಪಟ್ಟು ಜಾಗವನ್ನು ಬೇಡುತ್ತದೆ. ಮನೆಯ ಮುಂದಿನ ಗುಡ್ಡವನ್ನು ಕಂಡು ನೆರೆಯವರು ಮೊದಲ ದಿನ ನಕ್ಕರು, ಎರಡನೆಯ ದಿನ ಗೊಣಗಿದರು. ಮೂರನೆಯ ದಿನ ಮೇಸ್ತ್ರಿಗಳು ಟ್ರ್ಯಾಕ್ಟರೊಂದನ್ನು ಗೊತ್ತುಮಾಡಿದರು.

ಬಾಡಿಗೆಯ ವಿಚಾರದಲ್ಲಿ ನಾವು ಚೌಕಾಶಿ ಮಾಡಿದೆವು. ಹೇಳಿದ ಮೊತ್ತಕ್ಕಿಂತ ಸಾಕಷ್ಟು ಇಳಿಸಿದೆವೆಂದು ಒಳಗೊಳಗೆ ಬೀಗಿದೆವು. “ಎಲ್ಲಿಗೆ ಒಯ್ಯುತ್ತೀಯಪ್ಪಾ?” ಎಂದು ಕೇಳಿದ್ದಕ್ಕೆ ಚಾಲಕ, “ತಗ್ಗು ತುಂಬೋಕೆ ಬೇಕು ಅಂತ ಕೇಳೋರು ಇದ್ದಾರೆ ಸ್ವಾಮಿ, ನೀವು ಯೋಚನೆ ಮಾಡಬೇಡಿ” ಎಂದ. ನಾವು ಯೋಚನೆ ಮಾಡಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಟ್ರ್ಯಾಕ್ಟರು ಬಂದಿತು. ಬೆಳಗಾಗುವಾಗ ಅಂಗಳ ಚೊಕ್ಕಟವಾಗಿತ್ತು.

ಎರಡು ದಿನ ಕಳೆದು, ಮುಂಜಾನೆ ತಿರುಗಾಡುತ್ತ ಹತ್ತಿರದ ಕೆರೆಯ ಕಡೆಗೆ ಹೋಗಿದ್ದೆವು. ಕೆರೆಗೆ ನೀರು ತರುವ ರಾಜಕಾಲುವೆಯ ಅಂಚಿನಲ್ಲಿ ಕಲ್ಲುಮಣ್ಣಿನ ಹತ್ತಾರು ರಾಶಿಗಳು ಬಿದ್ದಿದ್ದವು. ಒಂದು ರಾಶಿಯ ಮೇಲೆ ಕೆಂಪು ಗಾರೆಯ ತುಂಡೊಂದು ಮಗುಚಿಕೊಂಡಿತ್ತು. ಅದರ ಅಂಚಿನಲ್ಲಿ ಅರ್ಧಚಂದ್ರದಂತೆ ಒರಳಿನ ತಗ್ಗು. ಅದು ನಮ್ಮ ಅಡುಗೆಮನೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

ಚಾಲಕನನ್ನು ಬೈಯುವುದು ಸುಲಭವಿತ್ತು. ಆದರೆ ನಾವು ಕೊಟ್ಟ ಬಾಡಿಗೆಯಲ್ಲಿ ಆತ ಊರಾಚೆಯ ಸರಿಯಾದ ಸ್ಥಳಕ್ಕೆ ಹೋಗಿಬರಲು ಡೀಸೆಲ್ಲಿನ ಖರ್ಚೂ ಹುಟ್ಟುತ್ತಿರಲಿಲ್ಲ. ನಾವು ಉಳಿಸಿದ ಹಣವನ್ನು ಕೆರೆ ತೆತ್ತಿತ್ತು.

ಆ ಕೆರೆಯ ಕೋಡಿಯ ನೀರು ವೃಷಭಾವತಿಗೆ ಸೇರುತ್ತದೆ. ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನೂ ಕೂಡುತ್ತವೆ. ಅಲ್ಲಿಂದ ಮೇಕೆದಾಟನ್ನು ದಾಟಿ ಬರುವ ನೀರೇ ನಮ್ಮ ಹೊಗೆನಕಲ್ಲಿನಲ್ಲಿ ಬಂಡೆಗಳ ಮೇಲೆ ಹೊಗೆಯಾಗಿ ಏಳುವುದು. ನಮ್ಮ ಹರಿಗೋಲುಗಳು ತೇಲುವುದು ಅದರ ಮೇಲೆ. ಫ್ಲೋರೈಡಿನಿಂದ ಹಲ್ಲು, ಎಲುಬು ಕೆಡಿಸಿಕೊಂಡಿದ್ದ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಊರುಗಳಿಗೆ 2013ರಲ್ಲಿ ಉದ್ಘಾಟನೆಗೊಂಡ ಯೋಜನೆಯ ಮೂಲಕ ಕುಡಿಯಲು ಬರುತ್ತಿರುವುದೂ ಇಲ್ಲಿನ ಕಾವೇರಿಯೇ. ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಯ ಮೂಲಕ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ ಇಳಿಯುತ್ತದೆ. ಅಲ್ಲಿ ಆಗಾಗ ಏಳುವ ಬಿಳಿಯ ನೊರೆಯನ್ನು ವಾಚಕರು ಕಂಡಿರಬಹುದು. ನೊರೆಗೆ ಕಾರಣ ಕೊಳಚೆ ನೀರು, ಒಡೆದ ಇಟ್ಟಿಗೆಯಲ್ಲ. ಇಟ್ಟಿಗೆ ಮಾಡುವ ಕೇಡು ಬೇರೆ: ಅದು ಕಾಲುವೆಯನ್ನು ಕಿರಿದಾಗಿಸುತ್ತದೆ, ಕೆರೆಯ ಪಾತ್ರವನ್ನು ತುಂಬುತ್ತದೆ, ಮಳೆಯ ನೀರಿಗೆ ಹಾದಿಯಿಲ್ಲದಂತೆ ಮಾಡುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದಾಗ, ಮುಚ್ಚಿಹೋದ ರಾಜಕಾಲುವೆಗಳ ಮಾತೇ ಎಲ್ಲೆಡೆ ಕೇಳಿಬಂದಿತು.

ಮೇಲಿನವರು ನೀರು ಕೆಡಿಸುತ್ತಾರೆಂದು ಗಡಿಯ ಈಚೆಗೆ ಕುಳಿತು ನಾವು ದೂರುವುದುಂಟು. ಮೇಲಿನವರಲ್ಲಿ ನಮ್ಮವರೂ ಇದ್ದಾರೆಂಬುದನ್ನು ಆ ಗಾರೆಯ ತುಂಡು ನಮಗೆ ತೋರಿಸಿಕೊಟ್ಟಿತು.

ಬೇರೆಡೆ ಏನು ಮಾಡುತ್ತಾರೆ? ಅಮೆರಿಕದ ನಗರಗಳಲ್ಲಿ ಮನೆ ಒಡೆಯುವವರು ತೆರೆದ ಬಾಯಿಯ ದೊಡ್ಡ ಉಕ್ಕಿನ ತೊಟ್ಟಿಯನ್ನು ಬಾಡಿಗೆಗೆ ತರಿಸಿ ಮನೆಯ ಮುಂದೆ ಇರಿಸಿಕೊಳ್ಳುತ್ತಾರೆ. ಅದಕ್ಕೆ ಡಂಪ್‌ಸ್ಟರ್ ಎಂದು ಹೆಸರು. 1930ರ ದಶಕದಲ್ಲಿ ಟೆನೆಸ್ಸೀ ರಾಜ್ಯದ ನಾಕ್ಸ್‌ವಿಲ್‌ನ ಜಾರ್ಜ್ ಡೆಂಪ್‌ಸ್ಟರ್ ಎಂಬವರು ರೂಪಿಸಿದ ತೊಟ್ಟಿಗೆ ಅವರ ಹೆಸರಿನಿಂದಲೇ ಈ ಪದ ಬಂದಿತು. ಬೀದಿಯಲ್ಲಿ ಇರಿಸುವುದಾದರೆ ಸಾಮಾನ್ಯವಾಗಿ ನಗರಸಭೆಯ ಅನುಮತಿ ಬೇಕು. ಇಟ್ಟಿಗೆ, ಕಾಂಕ್ರೀಟು ತುಂಬಿದರೆ ತೂಕಕ್ಕೆ ಮಿತಿಯುಂಟು.

ನಮ್ಮಲ್ಲಿಯೂ ನಿಯಮಗಳಿಲ್ಲದಿಲ್ಲ. ಕಟ್ಟಡದ ಅವಶೇಷವನ್ನು ರಸ್ತೆ, ಚರಂಡಿಗಳಲ್ಲಿ ಸುರಿಯದೆ, ವಿಂಗಡಿಸಿ, ಗೊತ್ತುಪಡಿಸಿದ ಕೇಂದ್ರಕ್ಕೆ ಒಪ್ಪಿಸಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ವಿಧಿಸಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ 2025ರಲ್ಲಿ ಹೊಸ ನಿಯಮಗಳನ್ನೂ ಹೊರಡಿಸಿತು. ದೆಹಲಿಯ ಬುರಾಡಿಯಲ್ಲಿ 2009ರಿಂದ ಇಂಥ ಅವಶೇಷವನ್ನು ಪುಡಿಮಾಡಿ ಮರಳು, ಜಲ್ಲಿ, ನೆಲಹಾಸಿನ ಬಿಲ್ಲೆಗಳನ್ನಾಗಿ ಮಾರ್ಪಡಿಸಲು ಆರಂಭಿಸಿದರು. ಬೆಂಗಳೂರಿಗಾಗಿ ಚಿಕ್ಕಜಾಲದಲ್ಲಿ ಇಂಥದೇ ಘಟಕ ಬಂದಿತು.

ಮನೆ ರಿಪೇರಿಗೆ ಹೊರಟವರಿಗೆ ನಮ್ಮ ಸಲಹೆ ಇಷ್ಟು. ಗೋಡೆಗೆ ಸುತ್ತಿಗೆ ಬೀಳುವ ಮೊದಲೇ ನಿಮ್ಮ ಪಾಲಿಕೆಯನ್ನು ವಿಚಾರಿಸಿ, ಅವಶೇಷ ಎಲ್ಲಿಗೆ ಹೋಗಬೇಕೆಂದು ತಿಳಿದುಕೊಳ್ಳಿರಿ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಐದು ಪಾಲಿಕೆಗಳಿರುವುದರಿಂದ ನಿಮ್ಮದು ಯಾವುದೆಂಬುದೂ ತಿಳಿದಿರಲಿ. ಬಾಗಿಲು, ಕಿಟಕಿ, ಹೆಂಚು, ಕಬ್ಬಿಣ, ಇಡೀ ಇಟ್ಟಿಗೆಗಳನ್ನು ಮೊದಲೇ ಬೇರ್ಪಡಿಸಿರಿ. ಕೊಳ್ಳುವವರು ಮನೆಗೇ ಬರುತ್ತಾರೆ. ಒಡಕು ಇಟ್ಟಿಗೆಯನ್ನು ನಿಮ್ಮ ಅಂಗಳದ ತಗ್ಗಿಗೇ ತುಂಬಲಾದೀತೇ ನೋಡಿರಿ. ಕಲ್ನಾರಿನ ಶೀಟನ್ನು ಮಾತ್ರ ಒಡೆಯಬೇಡಿರಿ; ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಕೊನೆಯದಾಗಿ, ಟ್ರ್ಯಾಕ್ಟರಿಗೆ ದೂರಕ್ಕೆ ತಕ್ಕ ಬಾಡಿಗೆ ಕೊಟ್ಟು, ಮನೆಯವರೊಬ್ಬರು ಜೊತೆಯಲ್ಲಿ ಹೋಗಿಬನ್ನಿರಿ.

ನಾವು ಮತ್ತೊಂದು ಟ್ರ್ಯಾಕ್ಟರು ಹಿಡಿದು, ನಮ್ಮದೆಂದು ಗುರುತಿಸಬಲ್ಲ ರಾಶಿಯನ್ನು ಕಾಲುವೆಯಿಂದ ಎತ್ತಿಸಿದೆವು. ಈ ಸಲ ಚಾಲಕನ ಪಕ್ಕದಲ್ಲಿ ಅಣ್ಣನ ಮಗ ಕುಳಿತಿದ್ದ. ಖರ್ಚು ಇಮ್ಮಡಿಯಾಯಿತು. ಪಕ್ಕದ ರಾಶಿಗಳು ಯಾರ ಮನೆಯವೋ, ಅಲ್ಲಿಯೇ ಇದ್ದವು. ಒರಳುಕಲ್ಲನ್ನು ನಾವು ಊರಿಗೆ ತಂದೆವು. ಈಗ ಹಿತ್ತಲಿನ ಬಾವಿಯ ಬಳಿ ಇದೆ. ಅತ್ತಿಗೆಯವರು ಕಳೆದ ವಾರ ಬಂದಿದ್ದಾಗ ಅದರ ಮೇಲೊಮ್ಮೆ ಕೈಯಾಡಿಸಿ, “ನೆಲ ಏನಾಯಿತು?” ಎಂದು ಕೇಳಿದರು. ಉತ್ತರ ಹೇಳಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.