ಹಿಂದೆ ಸರಿದ ಸೇನೆಯ ಜಾಡು

1942ರ ಫೆಬ್ರವರಿ 21ರಂದು ಬ್ರಿಟಿಷ್ ಸೇನೆಯ ಏಳನೇ ಆರ್ಮರ್ಡ್ ಬ್ರಿಗೇಡ್ ಬರ್ಮಾದ ರಂಗೂನ್ ಬಂದರಿನಲ್ಲಿ ಇಳಿಯಿತು. ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಕಾದಿ ಬಂದ ಎರಡು ರೆಜಿಮೆಂಟುಗಳು ಅದರಲ್ಲಿದ್ದವು: ಏಳನೇ ಕ್ವೀನ್ಸ್ ಓನ್ ಹಸಾರ್ಸ್ ಮತ್ತು ಎರಡನೇ ರಾಯಲ್ ಟ್ಯಾಂಕ್ ರೆಜಿಮೆಂಟ್. ಜೊತೆಗೆ ಅಮೆರಿಕದಲ್ಲಿ ತಯಾರಾದ ನೂರಕ್ಕೂ ಹೆಚ್ಚು ಸ್ಟುವರ್ಟ್ ಟ್ಯಾಂಕುಗಳು. ಎರಡೇ ದಿನಕ್ಕೆ, 23ರ ನಸುಕಿನಲ್ಲಿ, ಸಿತ್ತಾಂಗ್ ನದಿಯ ರೈಲು ಸೇತುವೆಯನ್ನು ಬ್ರಿಟಿಷರೇ ಸಿಡಿಸಿದರು. ಹದಿನೇಳನೇ ಭಾರತೀಯ ಡಿವಿಜನ್‌ನ ಬಹುಪಾಲು ಆಗ ಇನ್ನೂ ಆಚೆ ದಡದಲ್ಲೇ ಇತ್ತು. ಅಲ್ಲಿಂದ ಸುಮಾರು ಮೂರು ತಿಂಗಳು ಆ ಸೇನೆ ಜಪಾನೀಯರೆದುರು ಹಿಂದೆ ಸರಿಯುತ್ತಲೇ ಹೋಯಿತು. ಪೆಗು, ಪ್ರೋಮ್, ಯೆನಾಂಜೌಂಗ್, ಮಂಡಾಲೆ, ಮೋನ್ಯವಾ, ಕಲೇವಾ, ಟಮು, ಕೊನೆಗೆ ಇಂಫಾಲ. ಬ್ರಿಟಿಷ್ ಸೇನೆಯ ಚರಿತ್ರೆಯಲ್ಲೇ ಇಷ್ಟು ಉದ್ದದ ಹಿನ್ನಡೆ ಇನ್ನೊಂದಿಲ್ಲ.

ಈ ಸಂಚಿಕೆಯ ದೀರ್ಘ ಲೇಖನ ಆ ಟ್ಯಾಂಕುಗಳ ಜಾಡು ಹಿಡಿದು ಹೊರಟಿದೆ. ಯಾವ ಸ್ಕ್ವಾಡ್ರನ್ ಯಾವ ದಿನ ಯಾವ ಊರಿನಲ್ಲಿತ್ತು, ಯಾರ ಹಿಂದೆ ಯಾರು ನದಿ ದಾಟಿದರು, ಎಷ್ಟು ಟ್ಯಾಂಕುಗಳು ಉಳಿದಿದ್ದವು ಎಂಬಷ್ಟನ್ನೇ ಅದು ಕೇಳುತ್ತದೆ. ಕಥೆ, ಕವಿತೆ, ವಿಮರ್ಶೆಗಳ ನಡುವೆ ಇದೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಗೆದ್ದ ಸೇನೆಯ ಚರಿತ್ರೆ ಬರೆಯುವವನಿಗೆ ಕಾಗದಗಳಿಗೆ ಕೊರತೆಯಿಲ್ಲ. ಸೋತು ಹಿಂದೆ ಸರಿದ ಸೇನೆಯಲ್ಲಿ ಮೊದಲು ಕಳೆದುಹೋಗುವುದೇ ಕಾಗದ. ಹಾಗೆ ಉಳಿದ ಖಾಲಿ ಜಾಗದಲ್ಲಿ ಯಾರು ಬಂದು ಏನು ಬರೆಯುತ್ತಾರೆ ಎಂಬುದು ಬರೆಯುವ ಕಸುಬಿನವರೆಲ್ಲರ ಪ್ರಶ್ನೆ. ಅದೂ ಅಲ್ಲದೆ, ಆ ದಾರಿಯಲ್ಲಿ ನಡೆದವರಲ್ಲಿ ಬಹಳ ಮಂದಿ ನಮ್ಮ ದೇಶದವರು.

ಬ್ರಿಟಿಷ್ ಸೇನೆಯ ಪ್ರತಿಯೊಂದು ದಳವೂ ಯುದ್ಧಕಾಲದಲ್ಲಿ ದಿನಚರಿ ಇಡಬೇಕು. ಅದಕ್ಕೊಂದು ಅಚ್ಚಾದ ನಮೂನೆ ಇತ್ತು. ಸ್ಥಳಕ್ಕೊಂದು, ದಿನಾಂಕಕ್ಕೊಂದು, ಹೊತ್ತಿಗೊಂದು ಕಂಬಸಾಲು. ಉಳಿದ ಅಗಲದಲ್ಲಿ ನಡೆದ ಸಂಗತಿಯ ಸಾರಾಂಶ. ಬರೆಯುವ ಹೊಣೆ ಸಾಮಾನ್ಯವಾಗಿ ಅಡ್ಜುಟೆಂಟ್‌ನದು ಅಥವಾ ಗುಪ್ತವಾರ್ತೆಯ ಅಧಿಕಾರಿಯದು. ಬರ್ಮಾ ರಂಗದ ಈ ದಿನಚರಿಗಳು ಇಂದು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿ, ಡಬ್ಲ್ಯು.ಓ. 172 ಎಂಬ ಸರಣಿಯಲ್ಲಿವೆ. ಸೇನೆ ಮುಂದೆ ಹೋಗುತ್ತಿದ್ದರೆ ಕಚೇರಿಯ ಲಾರಿ ಹಿಂದೆಯೇ ಬರುತ್ತದೆ, ಗುಮಾಸ್ತ ಅದೇ ಸಂಜೆ ಟೈಪು ಮಾಡುತ್ತಾನೆ. ಹಿಂದೆ ಸರಿಯುವಾಗ ಗುಟ್ಟಿನ ಕಾಗದಗಳು ಶತ್ರುವಿನ ಕೈಗೆ ಸಿಗಬಾರದೆಂದು ಸುಡುತ್ತಾರೆ. ಕೆಟ್ಟು ನಿಂತ ಲಾರಿಯನ್ನು ರಸ್ತೆಯಿಂದ ಪಕ್ಕಕ್ಕೆ ತಳ್ಳುತ್ತಾರೆ. ಸಿತ್ತಾಂಗ್‌ನಲ್ಲಿ ಬಿದಿರು, ಹಲಗೆ ಹಿಡಿದು ಈಜಿ ಬಂದವರಲ್ಲಿ ಬಹಳ ಮಂದಿಯ ಬಳಿ ಬಂದೂಕೇ ಉಳಿದಿರಲಿಲ್ಲ, ಇನ್ನು ದಿನಚರಿ ಎಲ್ಲಿಯದು? ಹೀಗಾಗಿ ಎಷ್ಟೋ ದಳಗಳು ಭಾರತಕ್ಕೆ ಬಂದ ಮೇಲೆ ನೆನಪಿನಿಂದ ದಿನಚರಿ ಬರೆದವು. ಅಂಥ ಪುಟಗಳು ಓದಲು ಸಲೀಸು. ಪ್ರತಿ ಆದೇಶಕ್ಕೂ ಕಾರಣವಿರುತ್ತದೆ, ಪ್ರತಿ ಹಿನ್ನಡೆಗೂ ಯೋಜನೆ ಇರುತ್ತದೆ. ಅವತ್ತೇ ಅವಸರದಲ್ಲಿ ಗೀಚಿದ, ಅರ್ಧಕ್ಕೆ ನಿಂತ ಸಾಲಿನ ಮೇಲೆ ನನಗೆ ಹೆಚ್ಚು ನಂಬಿಕೆ. ಅಚ್ಚುಕಟ್ಟಾದ ಪುಟವನ್ನು ಸಂಶೋಧಕ ಎರಡು ಸಲ ಅನುಮಾನಿಸಬೇಕು.

ನಕ್ಷೆಯ ತೊಡಕು ಬೇರೆ. ಆ ಕಾಲದ ಪೆಗು ಈಗ ಬಗೋ, ಪ್ರೋಮ್ ಈಗ ಪ್ಯಾಯ್, ರಂಗೂನ್ ಯಾಂಗೂನ್. ಇದು ಹೇಗೋ ಬಗೆಹರಿಯುತ್ತದೆ. ಶ್ವೇಜಿನ್ ಎಂಬ ಹೆಸರಿನ ಊರು ಮಾತ್ರ ಒಂದಲ್ಲ, ಎರಡಿವೆ. ಒಂದು ಪೂರ್ವದಲ್ಲಿ ಸಿತ್ತಾಂಗ್ ನದಿಯ ಮೇಲೆ, ಇನ್ನೊಂದು ದೂರದ ವಾಯವ್ಯದಲ್ಲಿ ಚಿಂದ್ವಿನ್ ನದಿಯ ಮೇಲೆ. ಎರಡೂ ಈ ಯುದ್ಧದ ಹರವಿನೊಳಗೇ ಬರುತ್ತವೆ. ಊರ ಹೆಸರು ಸಿಕ್ಕಿತೆಂದು ಸಂಭ್ರಮಪಟ್ಟು ನದಿ ಯಾವುದೆಂದು ನೋಡದೆ ಹೋದರೆ ಟ್ಯಾಂಕುಗಳನ್ನು ನೂರಾರು ಮೈಲಿ ಆಚೆ ನಿಲ್ಲಿಸಿದಂತಾಗುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಆ ಕಾಲದ ನಕ್ಷೆಗಳನ್ನು ಮುಂದಿಟ್ಟುಕೊಳ್ಳದೆ ಬರ್ಮಾದ ದಿನಚರಿ ಓದುವುದೇ ವ್ಯರ್ಥ.

ಒಂದೇ ಕಡೆಯ ಕಾಗದ ಓದಿದರೆ ಏನಾಗುತ್ತದೆ ಎಂಬುದಕ್ಕೆ ಟೌಕ್ಯಾನ್ ಸಾಕು. ಮಾರ್ಚ್ 7ರಂದು ರಂಗೂನ್ ಬಿಟ್ಟು ಉತ್ತರಕ್ಕೆ ಹೊರಟ ಸೇನೆಯನ್ನು ಜಪಾನೀಯರು ಟೌಕ್ಯಾನ್ ಬಳಿ ರಸ್ತೆಗೆ ಅಡ್ಡ ಕೂತು ತಡೆದರು. ಎರಡು ದಿನ ಮೊದಲಷ್ಟೇ ಬರ್ಮಾದ ಸೇನೆಯ ಅಧಿಕಾರ ವಹಿಸಿಕೊಂಡಿದ್ದ ಜನರಲ್ ಅಲೆಕ್ಸಾಂಡರ್ ಕೂಡ ಆ ಸಾಲಿನೊಳಗೇ ಸಿಕ್ಕಿಕೊಂಡಿದ್ದರು. ಟ್ಯಾಂಕುಗಳು, ಕಾಲಾಳುಗಳು ಹಗಲೆಲ್ಲ ಪ್ರಯತ್ನಿಸಿದರೂ ದಾರಿ ತೆರೆಯಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ತಡೆ ಕೂತವರೇ ಇಲ್ಲ. ಬ್ರಿಟಿಷ್ ಬರಹಗಳಲ್ಲಿ ಇದು ಅದೃಷ್ಟ. ಜಪಾನೀಯರ ಕಡೆಯಿಂದ ನೋಡಿದರೆ ಕಾರಣ ಸರಳವಾಗಿದೆ. ಅವರ 33ನೇ ಡಿವಿಜನ್ ಆ ರಸ್ತೆಯನ್ನು ದಾಟಿ ಪಶ್ಚಿಮದಿಂದ ರಂಗೂನ್‌ಗೆ ನುಗ್ಗಬೇಕಿತ್ತು; ದಾಟುವವರೆಗೆ ಮರೆಯಾಗಿರಲೆಂದು ತಡೆ ಹಾಕಿದ್ದರು, ದಾಟಿದ ಮೇಲೆ ತೆಗೆದರು. ಇಡೀ ಸೇನೆಯೊಂದು ಬಲೆಯಲ್ಲಿದೆ ಎಂಬುದು ಅವರಿಗೆ ತಿಳಿದಿರಲೇ ಇಲ್ಲ. ನಮ್ಮ ಲೇಖಕರು ಬೆಳಗ್ಗೆ ತೆರೆದ ಆ ರಸ್ತೆಯನ್ನು ಎರಡೂ ಕಡೆಯಿಂದ ನಿಂತು ನೋಡಿದ್ದಾರೆ. ಲೇಖನದ ಅತ್ಯುತ್ತಮ ಪುಟಗಳು ಅವು.

ಏಪ್ರಿಲ್‌ನಲ್ಲಿ ಯೆನಾಂಜೌಂಗ್ ಎಣ್ಣೆ ಬಾವಿಗಳ ನಡುವೆ ನಡೆದದ್ದು ಇನ್ನೂ ಜಟಿಲ. ಬರ್ಮಾ ಕೋರ್‌ನ ಮುಖ್ಯಸ್ಥ ವಿಲಿಯಂ ಸ್ಲಿಮ್ ಬಾವಿಗಳನ್ನು ಸಿಡಿಸಲು ಆಜ್ಞೆ ಕೊಟ್ಟ ಮೇಲೆ ಒಂದನೇ ಬರ್ಮಾ ಡಿವಿಜನ್ ಅಲ್ಲಿ ಸುತ್ತುವರಿಯಲ್ಪಟ್ಟಿತು. ಬಿರುಬೇಸಿಗೆ, ಕುಡಿಯಲು ನೀರಿಲ್ಲ. ಆ ಡಿವಿಜನ್‌ನ ಮುಖ್ಯಸ್ಥರಿಗೂ ಸ್ಲಿಮ್‌ಗೂ ಮಾತು ನಡೆದದ್ದು ಟ್ಯಾಂಕ್ ದಳದ ವೈರ್‌ಲೆಸ್ ಮೂಲಕ. ನೆರವಿಗೆ ಬಂದದ್ದು ಮಿತ್ರಪಕ್ಷದ ಪಡೆಯಾದ, ಸುನ್ ಲಿ-ಜೆನ್ ನೇತೃತ್ವದ ಚೀನೀ 38ನೇ ಡಿವಿಜನ್. ಸ್ಲಿಮ್ ಬ್ರಿಟಿಷ್ ಟ್ಯಾಂಕುಗಳನ್ನೇ ಆ ಚೀನೀ ಜನರಲ್‌ನ ಕೈಕೆಳಗೆ ಕೊಟ್ಟರು. ಆ ದಿನಗಳಲ್ಲಿ ಇದು ಸಣ್ಣ ತೀರ್ಮಾನವಲ್ಲ. ಏಪ್ರಿಲ್ 19ರ ಹೊತ್ತಿಗೆ ಉಳಿದವರು ಹೊರಬಂದರು, ವಾಹನಗಳನ್ನು ಅಲ್ಲೇ ಬಿಟ್ಟು. ಚೀನೀ ನೆನಪಿನಲ್ಲಿ ಇದು ಸಾವಿರಾರು ಬ್ರಿಟಿಷರನ್ನು ಬಿಡಿಸಿದ ಮಹಾವಿಜಯ, ಅಲ್ಲಿ ಟ್ಯಾಂಕುಗಳ ಮಾತು ಕಡಿಮೆ. ಬ್ರಿಟಿಷ್ ಬರಹಗಳಲ್ಲಿ ಟ್ಯಾಂಕುಗಳು ಮುಂದೆ ಬರುತ್ತವೆ, ಚೀನೀಯರು ಸ್ವಲ್ಪ ಹಿಂದೆ. ಹೀಗೆ ಬಿಡಿಸಲ್ಪಟ್ಟ ‘ಬ್ರಿಟಿಷರ’ ಸಾಲಿನಲ್ಲಿ ಭಾರತೀಯ ಪಲ್ಟಣಗಳೂ ಬರ್ಮೀ ಸಿಪಾಯಿಗಳೂ ಇದ್ದರೆಂಬುದನ್ನು ಎರಡೂ ಕಡೆಯವರು ಸಲೀಸಾಗಿ ಮರೆಯುತ್ತಾರೆ. ನನಗೆ ಇದು ಕೇವಲ ಮರೆವು ಅನ್ನಿಸುವುದಿಲ್ಲ, ಅನ್ಯಾಯ ಅನ್ನಿಸುತ್ತದೆ.

ನೆನಪಿನ ಬರಹಗಳನ್ನು ಹಾಗೆಂದು ದೂರ ಇಡಲಾಗದು. ಸ್ಲಿಮ್ 1956ರಲ್ಲಿ ಪ್ರಕಟಿಸಿದ ‘ಡಿಫೀಟ್ ಇನ್‌ಟು ವಿಕ್ಟರಿ’ಯಲ್ಲಿ ಮಂಡಾಲೆಯ ಬಳಿ ಐರಾವತಿ ನದಿಗೆ ಕಟ್ಟಿದ ಆವಾ ಸೇತುವೆಯ ಪ್ರಸಂಗ ಬರುತ್ತದೆ. ಸ್ಟುವರ್ಟ್ ಟ್ಯಾಂಕಿನ ತೂಕ ಸುಮಾರು 13 ಟನ್. ಸೇತುವೆಯ ರಸ್ತೆ ತಡೆಯುವುದು 6 ಟನ್ ಎಂದು ಫಲಕ ಹೇಳುತ್ತಿತ್ತು. ಕಟ್ಟಿದ ಕಂಪನಿಯವರು ಲೆಕ್ಕಕ್ಕಿಂತ ಹೆಚ್ಚು ಗಟ್ಟಿಯಾಗಿಯೇ ಕಟ್ಟಿರುತ್ತಾರೆಂಬ ನಂಬಿಕೆಯ ಮೇಲೆ ಸ್ಲಿಮ್ ಟ್ಯಾಂಕುಗಳನ್ನು ಒಂದೊಂದಾಗಿ ಬಿಟ್ಟರು, ಸೇತುವೆ ತಡೆಯಿತು. ಏಪ್ರಿಲ್ 30ರ ನಡುರಾತ್ರಿ ಆ ಸೇತುವೆಯನ್ನೂ ಸಿಡಿಸಿದರು. ಓದಲು ಸೊಗಸಾದ ಪ್ರಸಂಗ. ಆದರೆ ಯಾವ ಸ್ಕ್ವಾಡ್ರನ್ ಎಷ್ಟು ಹೊತ್ತಿಗೆ ದಾಟಿತೆಂದು ತಿಳಿಯಬೇಕಾದರೆ ಮತ್ತೆ ದಿನಚರಿಗೆ, ಶೌರ್ಯ ಪದಕಗಳಿಗೆಂದು ಕಳಿಸಿದ ಶಿಫಾರಸು ಪತ್ರಗಳಿಗೆ, ಯುದ್ಧ ಸಮಾಧಿಗಳ ಪಟ್ಟಿಗೆ ಹೋಗಬೇಕು. ಶಿಫಾರಸಿನಲ್ಲಿ ಹೊಗಳಿಕೆ ಹೆಚ್ಚಿದ್ದರೂ ಎಲ್ಲಿ, ಯಾವಾಗ ಎಂಬುದು ಇರುತ್ತದೆ. ಮುಂದೆ ಫೀಲ್ಡ್ ಮಾರ್ಷಲ್ ಆದ ಸ್ಯಾಮ್ ಮಾಣೆಕ್‌ಷಾ ಸಿತ್ತಾಂಗ್‌ನಲ್ಲಿ ಗುಂಡೇಟು ತಿಂದು ಪಡೆದ ಮಿಲಿಟರಿ ಕ್ರಾಸ್ ಕೂಡ ಇದೇ ಹಿನ್ನಡೆಯದು. ಸಮಾಧಿಯ ಮೇಲಿನ ದಿನಾಂಕವಂತೂ ಯಾರ ಪರವಾಗಿಯೂ ವಾದ ಮಾಡುವುದಿಲ್ಲ.

ಇನ್ನೊಂದು ಎಚ್ಚರ ಬೇಕು. ಬ್ರಿಟಿಷರು ಬಿಟ್ಟುಹೋದ ಕೆಲವು ಸ್ಟುವರ್ಟ್‌ಗಳನ್ನು ಜಪಾನೀಯರು ದುರಸ್ತಿ ಮಾಡಿ ತಾವೇ ಬಳಸಿದರು. ಸ್ಟುವರ್ಟ್ ಕಂಡಿತು ಎಂಬ ಒಂದೇ ಸಾಕ್ಷಿಯ ಮೇಲೆ ಬ್ರಿಟಿಷ್ ದಳ ಅಲ್ಲಿತ್ತು ಎನ್ನಲಾಗದು.

ಕೊನೆಯ ಅಂಕ ಚಿಂದ್ವಿನ್ ದಡದ ಶ್ವೇಜಿನ್‌ನಲ್ಲಿ. ಅಲ್ಲಿಂದ ನದಿಯ ಮೇಲ್ಮುಖವಾಗಿ ಆರು ಮೈಲಿ ಸ್ಟೀಮರಿನಲ್ಲಿ ಹೋದರೆ ಕಲೇವಾ. ಮೇ 10ರಂದು ಜಪಾನೀಯರು ಸುತ್ತಲಿನ ಗುಡ್ಡಗಳಿಗೆ ಬಂದು ಗುಂಡು ಹಾರಿಸತೊಡಗಿದ ಮೇಲೆ ಸ್ಟೀಮರುಗಳು ದಡಕ್ಕೆ ಬರುವುದು ನಿಂತಿತು. ಹಗಲೆಲ್ಲ ಗೂರ್ಖಾಗಳೂ ಜಾಟರೂ ಅವರನ್ನು ತಡೆದರು. ಸಂಜೆ, ಉಳಿದ ಫಿರಂಗಿ ಗುಂಡುಗಳನ್ನೆಲ್ಲ ಒಂದೇ ಸಮನೆ ಹಾರಿಸಿ ಸೇನೆ ನದಿಯ ಪಕ್ಕದ ಕಾಲುದಾರಿಯಲ್ಲಿ ಉತ್ತರಕ್ಕೆ ನಡೆಯಿತು. ಕಾಲುದಾರಿಯಲ್ಲಿ ಟ್ಯಾಂಕು ಹೋಗುವುದಿಲ್ಲ. ಎಂಜಿನ್‌ಗಳ ಎಣ್ಣೆ ಬಸಿದು, ಸೀಜ್ ಆಗುವವರೆಗೆ ಓಡಿಸಿ, ಟ್ಯಾಂಕುಗಳನ್ನು ಅವುಗಳ ಸಿಬ್ಬಂದಿಯೇ ಕೊಂದರು. ಸಿತ್ತಾಂಗ್‌ನಿಂದ ಇಲ್ಲಿಯವರೆಗೆ ಕಾಲಾಳುಗಳ ಬೆನ್ನು ಕಾಯ್ದ ಯಂತ್ರಗಳು ಅವು. ಈ ಬ್ರಿಗೇಡ್ ಇಲ್ಲದಿದ್ದರೆ ಸೇನೆಯನ್ನು ಬರ್ಮಾದಿಂದ ಹೊರತರಲು ಆಗುತ್ತಿರಲಿಲ್ಲ ಎಂದು ಅಲೆಕ್ಸಾಂಡರ್ ಒಪ್ಪಿಕೊಂಡಿದ್ದಾರೆ. ನದಿ ದಾಟಿದ್ದು ಹಸಾರ್ಸ್‌ನ ಒಂದೇ ಒಂದು ಸ್ಟುವರ್ಟ್, ‘ದಿ ಕರ್ಸ್ ಆಫ್ ಸ್ಕಾಟ್ಲೆಂಡ್’ ಎಂಬ ಹೆಸರಿನದು. ಮುಂದೆ ಅದರ ಗೋಪುರ ತೆಗೆದು ಭಾರತೀಯ ಸೇನೆಯ ಏಳನೇ ಲೈಟ್ ಕ್ಯಾವಲ್ರಿಯವರು ಬಳಸಿದರು. ಮತ್ತೆ ಬರ್ಮಾಕ್ಕೆ ಹೊರಟಾಗ ಅದೂ ಹೊರಟಿತು.

ಒಂದು ಟ್ಯಾಂಕಿನ ಹೆಸರು ನಮಗೆ ಗೊತ್ತಿದೆ. ಅದೇ ವಸಂತದಲ್ಲಿ, ಅದೇ ರಸ್ತೆಗಳಲ್ಲಿ, ಬರ್ಮಾದಲ್ಲಿ ನೆಲೆಸಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಭಾರತೀಯರು ತಾಯ್ನಾಡಿನ ಕಡೆ ಹೊರಟಿದ್ದರು. ಬಂದರು ಕೂಲಿಗಳು, ಅಂಗಡಿಯವರು, ಗುಮಾಸ್ತರು, ಮನೆಯಾಳುಗಳು, ಅವರ ಹೆಂಡಿರು ಮಕ್ಕಳು. ಕಾಲರಾ, ಹಸಿವು, ಮೇ ತಿಂಗಳಲ್ಲಿ ಇಳಿದ ಮಳೆ ಸಾವಿರ ಸಾವಿರ ಜನರನ್ನು ದಾರಿಯಲ್ಲೇ ಕೊಂದವು. ಬಿಳಿಯರಿಗೊಂದು ದಾರಿ, ಭಾರತೀಯರಿಗೊಂದು ದಾರಿ ಎಂಬ ಸಿಟ್ಟು ಆಗಲೇ ದೇಶವನ್ನು ಸುಟ್ಟಿತ್ತು. ಅಲಹಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಸಮಿತಿ ಅದನ್ನು ನಿರ್ಣಯವಾಗಿಯೇ ಬರೆಯಿತು. ಸೇನೆಯ ದಿನಚರಿಗಳಲ್ಲಿ ಈ ಜನ ಬರುವುದು ರಸ್ತೆಗೆ ಅಡ್ಡಿಯಾದವರೆಂದು, ಅದೂ ಬಿಡಿ ಸಾಲುಗಳಲ್ಲಿ. ನಮ್ಮ ಲೇಖಕರು ಆ ಸಾಲುಗಳನ್ನು ಬಿಡದೆ ಗುರುತು ಹಾಕಿಕೊಂಡಿದ್ದಾರೆ. ಇಂಥ ದಿನ ಇಂಥ ಮೈಲಿಗಲ್ಲಿನ ಬಳಿ ಟ್ಯಾಂಕುಗಳು ನಿಂತದ್ದು ಏಕೆಂದರೆ ರಸ್ತೆ ತುಂಬ ಜನ ಇದ್ದರು ಎಂಬಷ್ಟು ಅವರು ತೋರಿಸಿದರೂ ಅದು ದೊಡ್ಡ ಕೆಲಸ. ಯಂತ್ರದ ಜಾಡು ಹಿಡಿದು ಹೊರಟವರಿಗೆ ಮನುಷ್ಯರ ಜಾಡು ಸಿಕ್ಕಿದೆ, ಸಿಕ್ಕಿದ್ದನ್ನು ಅವರು ಕೈಬಿಟ್ಟಿಲ್ಲ. ಲೇಖನವನ್ನು ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕಿರುವುದು ಅದಕ್ಕಾಗಿ.

ಬರ್ಮಾ ಯುದ್ಧಕ್ಕೆ ಕರ್ನಾಟಕದಿಂದಲೂ ಸಿಪಾಯಿಗಳು ಹೋಗಿದ್ದರು. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಆ ರಂಗದಲ್ಲಿ ದುಡಿದ ಪಡೆ. ಕೊಡಗಿನ ಮನೆಗಳಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಹಳೆಯ ಕುಟುಂಬಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಒಂದು ಸಂಬಳ ಪುಸ್ತಕ, ಬಿಡುಗಡೆ ಪತ್ರ, ಸೆನ್ಸಾರ್ ಮುದ್ರೆ ಬಿದ್ದ ಕಾಗದ ಇದ್ದರೂ ಇರಬಹುದು. ಬರ್ಮಾದಿಂದ ನಡೆದು ಬಂದ ಅಜ್ಜ ಅಜ್ಜಿಯರ ಮಾತು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಓದುಗರಲ್ಲಿ ನನ್ನ ಕೋರಿಕೆ ಇಷ್ಟು: ಅಂಥ ಕಾಗದ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಕೇಳಿದ ಮಾತನ್ನು ಊರು, ನದಿ, ತಿಂಗಳು, ಜೊತೆಗಿದ್ದವರ ಹೆಸರು ಸಹಿತ ಬೇರೆ ಹಾಳೆಯಲ್ಲಿ ಬರೆದಿಡಿ. ನೆನಪಾಗದ ಕಡೆ ಜಾಗ ಖಾಲಿ ಬಿಡಿ, ತುಂಬಬೇಡಿ. ಮೂಲ ಕಾಗದ ನಿಮ್ಮಲ್ಲೇ ಇರಲಿ, ಅದರ ಫೋಟೋ ಒಂದನ್ನು ಪತ್ರಿಕೆಗೆ ಕಳಿಸಿ.