ಇನ್ಸುಲಿನ್ ಅಗ್ಗವಾದರೆ ಸಾಲದು

ಕೇಂದ್ರ ಸರ್ಕಾರವು 2022ರಲ್ಲಿ ಗ್ಲಾರ್ಜಿನ್ ಇನ್ಸುಲಿನ್ ಅನ್ನು ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದು ಸ್ವಾಗತಾರ್ಹ. ಆದರೆ ಮಧುಮೇಹದ ಅರ್ಥಶಾಸ್ತ್ರ ಔಷಧದ ಬೆಲೆಯಲ್ಲಿಯೇ ಮುಗಿಯುವುದಿಲ್ಲ.

ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಈ ಇನ್ಸುಲಿನ್‌ಗೆ ಎಲ್ಲರಿಗೂ ಒಗ್ಗುವ ಒಂದೇ ಪ್ರಮಾಣವಿಲ್ಲ. ಎರಡನೆಯ ಬಗೆಯ ಮಧುಮೇಹದಲ್ಲಿ ಸಾಮಾನ್ಯವಾಗಿ 10 ಯೂನಿಟ್‌ನಿಂದ ಆರಂಭಿಸಿ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ವೈದ್ಯರು ಗೊತ್ತುಪಡಿಸಿದ ಗುರಿ ತಲಪುವವರೆಗೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುವುದು ಒಂದು ಪ್ರಚಲಿತ ಕ್ರಮ. ಸಕ್ಕರೆ 70ಕ್ಕಿಂತ ಕೆಳಗಿಳಿದು ಕಾರಣ ತಿಳಿಯದಿದ್ದರೆ ಪ್ರಮಾಣವನ್ನು ಶೇ 10ರಿಂದ 20ರಷ್ಟು ತಗ್ಗಿಸಬೇಕಾಗುತ್ತದೆ.

ಇದಕ್ಕೆ ನಿತ್ಯದ ಪರೀಕ್ಷೆಯೂ ಸಲಹೆ ನೀಡುವವರೂ ಬೇಕು. ಈ ಇನ್ಸುಲಿನ್ ಬಳಸುವ ನಾನು ಪಿಂಚಣಿಯ ಬಲದಿಂದ ಪರೀಕ್ಷೆಯ ಸ್ಟ್ರಿಪ್ ಕೊಳ್ಳಬಲ್ಲೆ, ವೈದ್ಯರಿಗೆ ದೂರವಾಣಿ ಮಾಡಬಲ್ಲೆ. ದಿನದ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಬರುವವರಿಗೆ ಇವೆರಡೂ ದುಬಾರಿ. ಮೊದಲ ದಿನ ಬರೆದುಕೊಟ್ಟ ಪ್ರಮಾಣವೇ ವರ್ಷಗಟ್ಟಲೆ ಮುಂದುವರಿದರೆ ಅದರ ಬೆಲೆಯನ್ನು ಕಣ್ಣು, ಮೂತ್ರಪಿಂಡಗಳು ತೆರಬೇಕಾಗುತ್ತದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಇನ್ಸುಲಿನ್ ಅಗತ್ಯವಿರುವವರಿಗೆ ಸ್ಟ್ರಿಪ್ ಹಾಗೂ ತರಬೇತಿ ಪಡೆದ ದಾದಿಯ ಸಲಹೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆಯಬೇಕು. ಮುಂಗಡಪತ್ರದಲ್ಲಿ ಔಷಧದ ಬಾಬ್ತಿನ ಪಕ್ಕದಲ್ಲಿಯೇ ಇದಕ್ಕೂ ಹಣ ಮೀಸಲಿಡುವುದು ಸರ್ಕಾರದ ಹೊಣೆ.