ಅಂಗಡಿಯ ಹೆಸರು ಯಾರ ಸ್ವತ್ತು?

ಗುಡೇಕೋಟೆ ಎಂದೊಡನೆ ಬಂಡೆಗಳ ಮೇಲಿನ ಕೋಟೆಯೂ ಕರಡಿಧಾಮವೂ ನೆನಪಾಗುತ್ತವೆ. ಆ ಕಡೆಯ ಶೇಂಗಾ ಎಣ್ಣೆಯ ವರ್ತಕರೊಬ್ಬರು ನಮಗೆ ಪರಿಚಿತರು. ಕೆಲವು ವರ್ಷಗಳ ಹಿಂದೆ ಅವರು ಹಣ ತೆತ್ತು ತಮ್ಮ ಅಂಗಡಿಗೊಂದು ಜಾಲತಾಣವನ್ನು ಮಾಡಿಸಿದರು. ಮಾಡಿಕೊಟ್ಟ ಯುವಕನು ಅಂಗಡಿಯ ವಿಳಾಸವನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿ, ಬಳಿಕ ಊರು ಬಿಟ್ಟನು. ನವೀಕರಣದ ಸೂಚನೆ ಅವನಿಗೆ ಹೋಯಿತೇ ಹೊರತು ವರ್ತಕರಿಗೆ ಬರಲಿಲ್ಲ. ಅವಧಿ ಮುಗಿದ ಆ ಹೆಸರನ್ನು ಮತ್ತಾರೋ ಕೊಂಡರು. ಎಣ್ಣೆಯ ಡಬ್ಬಿಗಳ ಮೇಲೆ ಅಚ್ಚಾದ ವಿಳಾಸ ಈಗ ಪರರ ಮನೆಗೆ ದಾರಿ ತೋರುತ್ತಿದೆ.

ಈ ನಷ್ಟಕ್ಕೆ ಕಾರಣ ಯಂತ್ರವಲ್ಲ, ತಿಳಿವಳಿಕೆಯ ಕೊರತೆ. ಜಾಲತಾಣದಲ್ಲಿ ಮೂರು ಅಂಗಗಳಿವೆ: ಹೆಸರು, ಸ್ಥಳ, ಬರಹ. ಹೆಸರನ್ನು ಶುಲ್ಕ ಕೊಟ್ಟು ವರ್ಷಗಳ ಲೆಕ್ಕದಲ್ಲಿ ಪಡೆಯಬೇಕು. 'ಡಾಟ್ ಇನ್' ಎಂದು ಮುಗಿಯುವ ಹೆಸರುಗಳು 2005ರಿಂದ ಸಾರ್ವಜನಿಕರಿಗೆ ಸುಲಭವಾಗಿ ದೊರೆಯುತ್ತಿವೆ. ಕನ್ನಡ ಲಿಪಿಯಲ್ಲಿಯೇ '.ಭಾರತ' ಎಂದು ಮುಗಿಯುವ ಹೆಸರುಗಳೂ ಉಂಟು. ಸ್ಥಳವೆಂದರೆ ಹಗಲಿರುಳು ಎಚ್ಚರವಿರುವ ಸರ್ವರ್ ಎಂಬ ಗಣಕಯಂತ್ರದಲ್ಲಿ ಬಾಡಿಗೆಗೆ ಹಿಡಿದ ಮೂಲೆ, ಇದೇ ಹೋಸ್ಟಿಂಗ್. ಬರಹವೆಂದರೆ ಎಚ್‌ಟಿಎಂಎಲ್ ಎಂಬ ಸರಳ ಗುರುತುಗಳಿಂದ ಕೂಡಿದ ಕಡತ. ಹೆಸರನ್ನು ಕೇಳಿ ಸರ್ವರಿನ ಅಂಕೆಯ ವಿಳಾಸವನ್ನು ತಿಳಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಆದುದರಿಂದ ಸ್ಥಳವನ್ನು ಬದಲಿಸಿದರೂ ಹೆಸರು ಉಳಿಯುತ್ತದೆ. ಬರಹದ ಪ್ರತಿಯಿದ್ದರೆ ಅದನ್ನು ಬೇರೆಡೆ ಇಡಬಹುದು. ಹೆಸರೇ ಕೈತಪ್ಪಿದರೆ ಗಿರಾಕಿಗೆ ದಾರಿಯೇ ಇಲ್ಲ.

ಸಾಮಾಜಿಕ ಜಾಲಗಳಲ್ಲಿ ಪುಕ್ಕಟೆ ಪುಟ ಸಿಗುವಾಗ ಇಷ್ಟೆಲ್ಲ ಏಕೆಂದು ಕೆಲವರು ಕೇಳಬಹುದು. ಡಂಗುರ ಸಾರುವುದಕ್ಕೆ ಅವು ಒಳ್ಳೆಯವೇ. ಆದರೆ ಅಲ್ಲಿ ನಾವು ಒಕ್ಕಲು, ಒಡೆಯರಲ್ಲ. ಒಡೆಯನ ನಿಯಮ ಬದಲಾದಂದು ನಮ್ಮ ಬಾಗಿಲೂ ಮುಚ್ಚಬಹುದು.

ಇನ್ನು ಪುಟದ ಭಾರದ ವಿಚಾರ. ಗುಡ್ಡದ ಮರೆಯಲ್ಲಿ ಸಂಕೇತ ಕ್ಷೀಣಿಸಿ, ಸೆಕೆಂಡಿಗೆ 10 ಲಕ್ಷ ಬಿಟ್ ಮಾತ್ರ ಬರುತ್ತಿದೆಯೆಂದು ಭಾವಿಸೋಣ. 30 ಲಕ್ಷ ಬೈಟ್‌ಗಳ ಒಂದು ಛಾಯಾಚಿತ್ರವೆಂದರೆ 240 ಲಕ್ಷ ಬಿಟ್. ಅದು ಇಳಿಯಲು 24 ಸೆಕೆಂಡು ಬೇಕು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್; 2,000 ಸಂಕೇತಗಳ ಬರಹಕ್ಕೆ 48,000 ಬಿಟ್, ಅಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವೂ ಬೇಡ. ಬೆಲೆ, ವೇಳೆ, ದೂರವಾಣಿ, ದಾರಿಯ ಗುರುತು—ಇಷ್ಟನ್ನು ಅಚ್ಚ ಕನ್ನಡದಲ್ಲಿ ಬರೆದು, ಕುಗ್ಗಿಸಿದ ಒಂದು ಚಿತ್ರವನ್ನಿಟ್ಟರೆ ಸಣ್ಣ ಅಂಗಡಿಗೆ ಧಾರಾಳವಾಯಿತು.

ಈ ವಿದ್ಯೆ ಹುಟ್ಟಿದ್ದು ಭೌತವಿಜ್ಞಾನಿಗಳ ಮನೆಯಲ್ಲಿ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀಯವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ಇದನ್ನು ಸರ್ವರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಅಂಥ ಕೊಡುಗೆಯನ್ನು ಪಡೆದ ನಾವು ಊರಿನ ವರ್ತಕರನ್ನು ಪರಾಧೀನರನ್ನಾಗಿ ಮಾಡುವುದು ತರವಲ್ಲ.

ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮೂರಿನ ಒಂದು ಅಂಗಡಿಗಾದರೂ ಇಂಥ ಪುಟವನ್ನು ಕಟ್ಟಿಕೊಡಲಿ ಎಂಬುದು ನಮ್ಮ ಅಭಿಮತ. ಆದರೆ ನೋಂದಣಿ ಒಡೆಯರ ಹೆಸರಿನಲ್ಲಿ, ಅವರದೇ ಇ-ಅಂಚೆ ಮತ್ತು ದೂರವಾಣಿಯೊಡನೆ ಆಗಲಿ. ಗುಪ್ತಪದವೂ ಕಡತಗಳ ಪ್ರತಿಯೂ ಅವರ ಪೆಟ್ಟಿಗೆಯಲ್ಲಿರಲಿ. ನವೀಕರಣದ ದಿನಾಂಕವನ್ನು ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಲಿ. ಮನೆ ಕಟ್ಟಿದವನು ಬೀಗದ ಕೈಯನ್ನು ಯಜಮಾನನಿಗೆ ಒಪ್ಪಿಸಿಯೇ ಹೊರಡಬೇಕಲ್ಲವೆ?